ಖಳನ ಪುಟದ ಕೊಳೆ

ಲೋಕದಲ್ಲಿ ಕೆಡುಕು ಎಲ್ಲಿಂದ ಹುಟ್ಟುತ್ತದೆ ಎಂಬ ಪ್ರಶ್ನೆಯನ್ನು ಋಷಿಗಳು, ಶರಣರು, ದಾರ್ಶನಿಕರು ತಲೆಮಾರುಗಳಿಂದ ಹಿಡಿದುಕೊಂಡು ಕೂತಿದ್ದಾರೆ, ಇನ್ನೂ ಇತ್ಯರ್ಥವಾಗಿಲ್ಲ. ನಮ್ಮ ಪ್ರೆಸ್ಸಿನಲ್ಲಿ ಅದು ಪ್ರತಿ ತಿಂಗಳು ಹತ್ತನೇ ತಾರೀಕಿನೊಳಗೆ ಇತ್ಯರ್ಥವಾಗಬೇಕಿತ್ತು. ಹನ್ನೊಂದಕ್ಕೆ ಚಿತ್ರದ ಪುಟಗಳು ಅಚ್ಚಿನ ಬ್ಲಾಕ್ ಮಾಡುವವನ ಕೈ ಸೇರಬೇಕು. ತಡವಾದರೆ ಅವನು ಕ್ಯಾಲೆಂಡರಿನ ದೇವರುಗಳನ್ನು ಮುಂದೆ ಹಾಕಿಕೊಂಡು ನಮ್ಮ ಕೆಡುಕನ್ನು ಹಿಂದಕ್ಕೆ ತಳ್ಳಿಬಿಡುತ್ತಿದ್ದ.

ಈ ತತ್ತ್ವವಿಚಾರದಲ್ಲಿ ನನಗೊಬ್ಬ ಗುರುಗಳಿದ್ದರು ಎಂದು ಬರೆದರೆ ಲೇಖನಕ್ಕೆ ಒಂದು ಕಳೆ ಬರುತ್ತದೆ. ಬರೆಯುವುದಿಲ್ಲ. ಅವರು ನನಗೆ ಗುರುವಲ್ಲ, ಸ್ನೇಹಿತರಲ್ಲ, ದೇವರ ದಯೆಯಿಂದ ನೆಂಟರೂ ಅಲ್ಲ. ಕಳೆದ ತಿಂಗಳು ತೀರಿಕೊಂಡರು. ಸುದ್ದಿ ತಂದವರು "ಪಾಪ, ಒಳ್ಳೇ ಮನುಷ್ಯ" ಎಂದರು. ನಾನು ಕಾಫಿ ಕುಡಿಯುತ್ತಿದ್ದೆ. ಲೋಟ ಕೆಳಗಿಡಲಿಲ್ಲ. ಅವರ ಹೆಸರನ್ನು ಇಲ್ಲಿ ಹೇಳುವುದಿಲ್ಲ; ಮಕ್ಕಳು ಮೊಮ್ಮಕ್ಕಳು ಇದ್ದಾರೆ, ಅವರೇನೂ ತಪ್ಪು ಮಾಡಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ರಾಜಾಜಿನಗರದ ಕೈಗಾರಿಕಾ ಪ್ರದೇಶದ ಅಂಚಿನಲ್ಲಿ, ಒಂದು ಕಡೆ ತಿರುಪು ಮೊಳೆ ಮಾಡುವ ಶೆಡ್ಡು, ಇನ್ನೊಂದು ಕಡೆ ಅಗರಬತ್ತಿ ಮಾಡುವ ಶೆಡ್ಡು, ನಡುವೆ ನಮ್ಮ ಪ್ರೆಸ್ಸು. ಅಲ್ಲಿಂದ ಮಕ್ಕಳಿಗಾಗಿ ತಿಂಗಳಿಗೊಂದು ಚಿತ್ರಕಥೆಯ ಪತ್ರಿಕೆ ಹೊರಡುತ್ತಿತ್ತು. ಅದರ ನಾಯಕ ಸಿಡಿಲರಾಯ. ಹಗಲು ಒಂದು ಗಿರಣಿಯಲ್ಲಿ ಟೈಮ್‌ಕೀಪರ್. ಆಪತ್ತು ಬಂದಾಗ ಹೆಗಲಿಗೆ ಒಂದು ವಸ್ತ್ರ ಕಟ್ಟಿಕೊಂಡು ಹಾರುತ್ತಿದ್ದ, ಬಸ್ಸನ್ನು ಪ್ರಯಾಣಿಕರ ಸಮೇತ ಎತ್ತುತ್ತಿದ್ದ. ಅವನ ಕಥೆ, ಮಾತು ಎಲ್ಲವನ್ನೂ ಬರೆಯುತ್ತಿದ್ದವನು ನಾನು. ಬರೀ ಕಥೆ ಬರೆಯುವುದಕ್ಕೆ ತಿಂಗಳ ಸಂಬಳ ಕೊಡುವ ಕೆಲಸ ನನಗೆ ತಿಳಿದಂತೆ ಇಡೀ ಊರಿನಲ್ಲಿ ಅದೊಂದೇ ಇತ್ತು, ಅದರಲ್ಲಿ ನಾನು ಕೂತಿದ್ದೆ. ಇಪ್ಪತ್ತನಾಲ್ಕು ವರ್ಷದವನಿಗೆ ತಲೆ ತಿರುಗಲು ಅಷ್ಟು ಸಾಕು.

ನಾಯಕನ ಬಗ್ಗೆ ಯಾರ ತಕರಾರೂ ಇರಲಿಲ್ಲ. ತಕರಾರು ಇದ್ದದ್ದು ಖಳರ ಬಗ್ಗೆ. ನಾನು ಹುಟ್ಟಿಸಿದ ಖಳರು ಒಂದೇ ಸಂಚಿಕೆಗೆ ಸೊರಗಿಹೋಗುತ್ತಿದ್ದರು. ಇದನ್ನು ಮೊದಲು ಕಂಡುಹಿಡಿದದ್ದು ನಮ್ಮ ಪ್ರೆಸ್ಸಿನ ಯಜಮಾನರಲ್ಲ, ಕಳೆದ ತಿಂಗಳು ತೀರಿಕೊಂಡ ಆ ಮಹಾನುಭಾವರು.

ಮಾರೇನಹಳ್ಳಿಯಲ್ಲಿ ಒಂದು ಮನೆಯ ಗ್ಯಾರೇಜಿನೊಳಗೆ, ಪತ್ರಿಕೆಗಳನ್ನು ಬಾಡಿಗೆಗೆ ಕೊಡುವ ಅವರ ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು. ಆ ಮನೆಯವರಿಗೆ ಕಾರು ಇರಲಿಲ್ಲ, ಇವರಿಗೆ ಮನೆ ಇರಲಿಲ್ಲ, ಹೀಗೆ ಹೊಂದಿಕೊಂಡಿದ್ದರು. ಒಳಗೆ ಹಗ್ಗದ ಮೇಲೆ ಕ್ಲಿಪ್ಪು ಹಾಕಿ ನೇತುಹಾಕಿದ ಪತ್ರಿಕೆಗಳು, ಬೆಂಚಿನ ಮೇಲೆ ಒತ್ತಿಕೊಂಡು ಕೂತ ಹುಡುಗರು. ಮೇಜಿನ ಹಿಂದೆ ಎಲ್ಲಾ ಕಾಲದಲ್ಲೂ ಮಫ್ಲರ್ ಸುತ್ತಿಕೊಂಡ ಅವರು. ಏಪ್ರಿಲ್ ತಿಂಗಳ ಬಿಸಿಲಿನಲ್ಲೂ ಆ ಮಫ್ಲರ್ ಇಳಿದದ್ದನ್ನು ನಾನು ಕಾಣೆ. ತೆಳ್ಳನೆಯ ಮುಖ, ಯಾರೋ ಆಗತಾನೆ ಏನೋ ಕೆಟ್ಟದ್ದನ್ನು ಮೂಸಿ ನೋಡಲು ಕೊಟ್ಟಂಥ ಮೂಗು. ಮಕ್ಕಳನ್ನು ಕಂಡರೆ ಆಗುತ್ತಿರಲಿಲ್ಲ. ಕಥೆಗಳನ್ನು ಕಂಡರೂ ಆಗುತ್ತಿರಲಿಲ್ಲ. ಈ ಎರಡು ಅರ್ಹತೆಗಳ ಮೇಲೆ ಅವರು ಮಕ್ಕಳ ಕಥೆಗಳ ಲೈಬ್ರರಿ ನಡೆಸುತ್ತಿದ್ದರು, ಮತ್ತು ಬಹಳ ಚೆನ್ನಾಗಿ ನಡೆಸುತ್ತಿದ್ದರು.

ಅವರು ನಮ್ಮ ಪತ್ರಿಕೆಯನ್ನು ಪ್ರತಿ ತಿಂಗಳು ಎಂಟು ಪ್ರತಿ ತರಿಸುತ್ತಿದ್ದರು. ಎಂಟು ದೊಡ್ಡ ಸಂಖ್ಯೆಯಲ್ಲ. ಆದರೆ ಹೊಸಹಳ್ಳಿಯಿಂದ ಕೆಂಗೇರಿಯವರೆಗೆ ಆ ದಿಕ್ಕಿನಲ್ಲಿದ್ದ ಲೈಬ್ರರಿಯವರೆಲ್ಲ ಇವರ ಬಾಯಿ ನೋಡುತ್ತಿದ್ದರು. ಇವರು ತರಿಸಿದರೆ ಅವರು ತರಿಸುವರು, ಇವರು ಬೇಡವೆಂದರೆ ಅವರೂ ಬೇಡವೆನ್ನುವರು.

ಇಷ್ಟು ನಂಬಿಕೆ ಬರಲು ಕಾರಣ ಅವರ ಓದಲ್ಲ. ಅವರು ಒಂದು ಪುಟವನ್ನೂ ಓದುತ್ತಿರಲಿಲ್ಲ. ಅವರು ನೋಡುತ್ತಿದ್ದದ್ದು ಕೊಳೆ.

ಮೊದಲ ಸಲ ನಮ್ಮ ಯಜಮಾನರು ನನ್ನನ್ನು ಅಲ್ಲಿಗೆ ಅಟ್ಟಿದಾಗ ಇದು ನನಗೆ ತಿಳಿದಿರಲಿಲ್ಲ. ಯಜಮಾನರು ದಾವಣಗೆರೆ ಕಡೆಯವರು, ಹಣೆಯಲ್ಲಿ ವಿಭೂತಿ, ಬಾಯಲ್ಲಿ ಸಮಾಧಾನ.

"ಏನ್ರೀ ಲೇಖಕರೇ, ಆ ಮಾರೇನಹಳ್ಳಿಯವರು ಹೇಳಿ ಕಳಿಸ್ಯಾರ. ನಿಮ್ಮ ರಕ್ತಾಕ್ಷ ಏಳಲಿಲ್ಲಂತಲ್ರೀ?"

"ಏಳಲಿಲ್ಲ ಅಂದ್ರೆ ಏನ್ ಸಾರ್? ಮೂರು ಕಣ್ಣಿದೆ ಅವನಿಗೆ."

"ಕಣ್ಣು ಎಷ್ಟರ ಇರ್ಲಿ. ಹೋಗಿ ಅವರನ್ನ ಕೇಳ್ಕೊಂಡು ಬರ್ರಿ. ಇನ್ನೊಬ್ಬ ಖಳನ್ನ ನೋಡ್ತೀನಿ. ಅವನೂ ಹಿಂಗ ಮಲಗಿದ್ರ ಪತ್ರಿಕೆ ನಿಲ್ಲಿಸಿಬಿಡೂಣು. ನಂಗೂ ಸಾಕಾಗೇದ."

ರಕ್ತಾಕ್ಷ ಬೇರೊಂದು ಗ್ರಹದವನು. ಕಪಾಲದ ಸಿಂಹಾಸನ, ಬೆಂಕಿಯ ಗಡ್ಡ. ಅವನ ನಗೆಗೇ ನಾನು ಅವನು ಬರುವ ಪ್ರತಿ ಪುಟದಲ್ಲಿ ಜಾಗ ಬಿಟ್ಟಿದ್ದೆ. ನಮ್ಮ ಕಂಪೋಸಿಟರು ಎರಡು ಸಲ ಮೇಲೆ ಬಂದು, "ಸಾರ್, ಅಕ್ಷರದ ಕೇಸಿನಲ್ಲಿ ಹಕಾರ ಮುಗೀತು, ಇವನು ಸ್ವಲ್ಪ ಕಡಿಮೆ ನಕ್ಕರೆ ಆಗಲ್ವಾ" ಎಂದು ಕೇಳಿದ್ದ. ಅವನ ಮಾತಿಗೆ ನಾನು ಕಿವಿಗೊಡಲಿಲ್ಲ. ಕಲೆಗೆ ಅಚ್ಚಿನ ಮೊಳೆಗಳ ಅಭಾವ ಅಡ್ಡ ಬರಬಾರದು ಎಂಬುದು ಆಗಿನ ನನ್ನ ನಿಲುವು.

ಮಾರೇನಹಳ್ಳಿಯಲ್ಲಿ ಅವರು ನನ್ನನ್ನು ಕೂರು ಎನ್ನಲಿಲ್ಲ. ಎಂಟು ಪ್ರತಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಒಂದನ್ನು ಎತ್ತಿ, ಇಸ್ಪೀಟು ಎಲೆ ಬಿಡುವಂತೆ ಪುಟಗಳನ್ನು ಸರ್ರನೆ ಬಿಟ್ಟರು.

"ರಕ್ತಾಕ್ಷ ಚೊಕ್ಕಟವಾಗಿದಾನೆ," ಎಂದರು.

"ಥ್ಯಾಂಕ್ಸ್ ಸಾರ್."

"ಹೊಗಳಿದ್ದಲ್ಲ ಸ್ವಾಮಿ. ನೋಡಿ ಇಲ್ಲಿ. ಇದು ತಿರುವಿದ ಕೊಳೆ. ಪುಟದ ತುದೀಲಿ ಇರತ್ತೆ. ಎಲ್ಲಾ ಪುಟದಲ್ಲೂ ಇರತ್ತೆ, ಅದಕ್ಕೆ ಬೆಲೆ ಇಲ್ಲ. ನಿಂತ ಕೊಳೆ ಅಂತ ಬೇರೆ ಇದೆ. ಹುಡುಗ ಪುಟ ತಿರುವದೆ ಅಲ್ಲೇ ನಿಂತ್ಕೊಂಡ ಅಂದ್ರೆ ಹೆಬ್ಬೆರಳು ಒಳಗಡೆ ಅಂಚಿನಲ್ಲಿ ಕೂರತ್ತೆ. ಮೊಟ್ಟೆ ಥರ ಗುರುತು. ಮತ್ತೆ ಇನ್ನೊಂದ್ಸಲ ಬಂದ್ರೆ ಇನ್ನೂ ಕಪ್ಪು. ನಿಮ್ಮ ರಕ್ತಾಕ್ಷ ಇರೋ ಪುಟದಲ್ಲಿ ನಿಂತ ಕೊಳೆ ಎಲ್ಲಿದೆ ತೋರಿಸಿ."

ಎಂಟು ಪ್ರತಿಗಳಲ್ಲೂ ನೋಡಿದೆ. ಇರಲಿಲ್ಲ.

"ನಗ್ತಾನೆ ಅವನು," ಎಂದರು, ಯಾರದೋ ಮನೆಯ ಗುಟ್ಟಿನ ಕಾಯಿಲೆ ಹೇಳುವಂತೆ. "ನಗೋ ಕಳ್ಳನ್ನ ಯಾರೂ ತಿರುಗಿ ನೋಡಲ್ಲ. ಏನು ಬೇಕಂತೆ ಅವನಿಗೆ?"

"ಇಡೀ ಪ್ರಪಂಚ ಬೇಕು ಸಾರ್."

"ಎಲ್ಲಿ ಇಟ್ಕೊಳ್ತಾನಂತೆ?"

ಬೆಂಚಿನ ಮೇಲಿದ್ದ ಹುಡುಗರು ಕಿಸಕ್ಕೆಂದರು. ಅವರತ್ತ ಇವರು ಒಂದು ನೋಟ ಬಿಟ್ಟರು, ನಗು ನಿಂತಿತು.

"ಹುಡುಗನ ಜೇಬಲ್ಲಿ ಏನಿದೆಯೋ ಅದನ್ನ ಕೇಳ್ಬೇಕು ಕಣ್ರೀ ಖಳ ಅನ್ನೋನು. ಪ್ರಪಂಚ ಹುಡುಗನ ಜೇಬಲ್ಲಿ ಇರತ್ತಾ? ಒಂದೇ ಒಂದು ಪುಟದಲ್ಲಿ ನಿಂತ ಕೊಳೆ ಇದೆ. ಎಂಟರಲ್ಲೂ ಇದೆ."

"ಯಾವ ಪುಟ ಸಾರ್?"

"ಬರೆದೋರು ನೀವು. ನನ್ನ ಕೇಳ್ತೀರಲ್ಲ." ಎಂಟೂ ಪ್ರತಿಗಳನ್ನು ಎತ್ತಿ ಮೇಜಿನ ಖಾನೆಗೆ ಹಾಕಿ ಬೀಗ ತಿರುಗಿಸಿದರು. ಅವರು ಅಂಥ ಮನುಷ್ಯ. ನಿಮಗೆ ಬೇಕಾದದ್ದು ತಮ್ಮ ಹತ್ತಿರ ಇದೆ ಎಂಬುದು ನಿಮಗೆ ಚೆನ್ನಾಗಿ ತಿಳಿದ ಮೇಲೆಯೇ ಬೀಗ ಹಾಕುವರು.

ವಿಜಯನಗರದಲ್ಲಿ ಆಗ ಇನ್ನೊಬ್ಬರು ಹೊಸದಾಗಿ ಲೈಬ್ರರಿ ತೆರೆದಿದ್ದರು. ಸಜ್ಜನ. ಬಾಗಿಲಲ್ಲಿ ಒಂದು ಬಕೆಟ್ಟು ನೀರು, ಒಂದು ತುಂಡು ಸೋಪು ಇಟ್ಟು, ಮಕ್ಕಳು ಕೈ ತೊಳೆದೇ ಒಳಗೆ ಬರಬೇಕೆಂದು ಬೋರ್ಡು ಹಾಕಿದ್ದರು. ತಾಯಂದಿರಿಗೆ ಬಹಳ ಮೆಚ್ಚುಗೆ. ನಮ್ಮ ಮಾರೇನಹಳ್ಳಿಯವರ ಮುಂದೆ ಯಾರೋ ಅದನ್ನು ಹೊಗಳಿದಾಗ ಇವರು ಹೇಳಿದ್ದು ಎರಡೇ ಮಾತು: "ಅವನು ಕುರುಡ." ಇವರ ಗ್ಯಾರೇಜಿನಲ್ಲಿ ಕೈ ತೊಳೆದು ಬಂದ ಹುಡುಗನಿಗೆ ಹೊಸ ಸಂಚಿಕೆ ಸಿಗುತ್ತಿರಲಿಲ್ಲ. "ಹೋಗೋ, ಒಂದು ರೌಂಡ್ ಆಟ ಆಡ್ಕೊಂಡು ಬಾ" ಎಂದು ಅಟ್ಟುತ್ತಿದ್ದರು. ಮಕ್ಕಳ ಮೇಲಿನ ಪ್ರೀತಿ ಎಂದು ದಾರಿಹೋಕರು ತಿಳಿಯುತ್ತಿದ್ದರು. ಆಮೇಲೆ ತಾವು ಮಾತ್ರ ಊಟಕ್ಕೆ ಮುಂಚೆ ಕೈಗಳನ್ನು ಮೊಣಕೈವರೆಗೆ ಉಜ್ಜಿ ಉಜ್ಜಿ ತೊಳೆಯುವರು.

ಇನ್ನೊಬ್ಬ ಖಳ ಎಂದು ಯಜಮಾನರು ಹೇಳಿದ್ದರಲ್ಲ, ಅವನು ಪ್ರೊಫೆಸರ್ ಪ್ರಳಯ. ನಾನು ಪಾಠ ಕಲಿತಿದ್ದೆ: ಅವನು ಪ್ರಪಂಚ ಕೇಳಲಿಲ್ಲ, ಬರೀ ಏಷ್ಯಾ ಖಂಡ ಕೇಳಿದ. ನಗಲಿಲ್ಲ, ಮುಗುಳ್ನಕ್ಕ. ಸಂಚಿಕೆ ಹೊರಟ ಎರಡು ವಾರಕ್ಕೆ ಮಾರೇನಹಳ್ಳಿಗೆ ಹೋಗಿ ಕದ್ದು ನೋಡಿದೆ. ನನ್ನ ಪ್ರೊಫೆಸರು ಆಗತಾನೆ ಮಡಿ ಉಟ್ಟು ಬಂದವನಂತೆ ಶುಭ್ರವಾಗಿದ್ದ.

ಆಗ ನಾನು ಮಾಡಿದ್ದನ್ನು ಇಲ್ಲಿ ಬರೆಯಬೇಕು. ನಾನು ಬರೆಯದಿದ್ದರೂ ಆ ದಿಕ್ಕಿನ ಆ ಕಾಲದ ಹುಡುಗರಿಗೆಲ್ಲ ಅದು ಗೊತ್ತು.

ಅಚ್ಚಿನ ತಪ್ಪು ತಿದ್ದಬೇಕು ಎಂದು ಸುಳ್ಳು ಹೇಳಿ ಎಂಟು ಪ್ರತಿಗಳನ್ನು ರೂಮಿಗೆ ತಂದೆ. ಭಾನುವಾರ ಮಧ್ಯಾಹ್ನ, ಕಿಟಕಿಯ ಬಿಸಿಲಿನಲ್ಲಿ ಕೂತು, ಒಂದು ತಟ್ಟೆ ಕೋಡುಬಳೆ ಎದುರಿಗಿಟ್ಟುಕೊಂಡು, ಪ್ರೊಫೆಸರ್ ಪ್ರಳಯ ಬರುವ ಪ್ರತಿ ಪುಟದ ಒಳ ಅಂಚಿನಲ್ಲಿ ನನ್ನ ಹೆಬ್ಬೆರಳನ್ನು ಒತ್ತಿದೆ. ಕೋಡುಬಳೆಯ ಎಣ್ಣೆ, ಅದರ ಮೇಲೆ ಒಂದಿಷ್ಟು ಪ್ರೆಸ್ಸಿನ ಮಸಿ. ಎಂಟು ಪ್ರತಿ, ಪ್ರತಿಯೊಂದರಲ್ಲಿ ಹನ್ನೊಂದು ಪುಟ. ಸಾಹಿತ್ಯಕ್ಕಾಗಿ ನಾನು ಇಷ್ಟು ಶ್ರಮಪಟ್ಟದ್ದು ಅದಕ್ಕೆ ಮುಂಚೆ ಇಲ್ಲ, ಆಮೇಲೂ ಇಲ್ಲ. ಸಂಜೆಗೆ ನೋಡಿದರೆ ಪ್ರಳಯ ನಿಜಕ್ಕೂ ಜನಪ್ರಿಯನಾಗಿದ್ದ. ನನಗೇ ನಂಬಿಕೆ ಬಂತು.

ಮಾರನೆಯ ದಿನ ಅವರ ಮೇಜಿನ ಮೇಲಿಟ್ಟೆ. ಒಂದು ಪ್ರತಿ ಎತ್ತಿದರು. ಪುಟಗಳನ್ನು ಸರ್ರನೆ ಬಿಟ್ಟರು. ಒಂದು ಪುಟವನ್ನು ಬೆಳಕಿಗೆ ಹಿಡಿದರು. ಒಂದು ಲೋಟ ನೀರು ಕುಡಿಯುವಷ್ಟು ಹೊತ್ತೂ ಆಗಲಿಲ್ಲ.

"ನೀವು ತಿನ್ನೋ ಕೈಲಿ ಪುಸ್ತಕ ಹಿಡೀತೀರಾ?"

"ಅರ್ಥ ಆಗ್ಲಿಲ್ಲ ಸಾರ್."

"ಹುಡುಗ ಬಲಗೈಲಿ ತಿಂತಾನೆ, ಎಡಗೈಲಿ ಹಿಡ್ಕೊಳ್ತಾನೆ. ಪುಟ ತಿರುವೋದು ಬಲಗೈ. ಅದಕ್ಕೆ ತಿರುವಿದ ಕೊಳೆ ಎಣ್ಣೆ, ನಿಂತ ಕೊಳೆ ಧೂಳು. ಧೂಳಿರೋ ಕಡೆ ಎಣ್ಣೆ ಬಿದ್ದಿದೆ. ಬಲಗೈ ಹೆಬ್ಬೆರಳು. ದೊಡ್ಡೋರದ್ದು." ಮೂಗಿನ ಹತ್ತಿರ ಹಿಡಿದರು. "ಕೋಡುಬಳೆ. ಪರವಾಗಿಲ್ಲ, ಒಳ್ಳೇ ಕಡೆ ತಗೊಂಡಿದೀರಿ."

ನಾನು ಎದ್ದು ನಿಂತೆ. ನಿಂತು ಏನು ಮಾಡುವುದೆಂದು ತಿಳಿಯದೆ ಮತ್ತೆ ಕೂತೆ.

ಇದನ್ನು ಅವರು ಯಜಮಾನರಿಗೆ ಹೇಳಿ ಬಿಟ್ಟಿದ್ದರೆ ನಾನು ಕ್ಷಮಿಸುತ್ತಿದ್ದೆನೇನೋ. ಯಜಮಾನರಿಗೆ ಹೇಳಿದರು, ಅದು ಬೇರೆ. ಅದರ ಜೊತೆಗೆ ಒಂದು ಪ್ರತಿಯನ್ನು ಆ ಪುಟ ತೆರೆದಂತೆ ಕ್ಲಿಪ್ಪು ಹಾಕಿ, ಅಂಗಡಿಯ ಬಾಗಿಲಿಗೆ ಎದುರಾಗಿ, ಎಲ್ಲಕ್ಕಿಂತ ಮುಂದಿನ ಹಗ್ಗಕ್ಕೆ ನೇತುಹಾಕಿದರು. ಕೆಳಗೆ ದುಂಡಗೆ ಬರೆದ ಒಂದು ಚೀಟಿ: 'ಲೇಖಕರ ಹೆಬ್ಬೆಟ್ಟು'. ಶಾಲೆ ಬಿಟ್ಟು ಬಂದ ಹುಡುಗರು ಸಾಲಾಗಿ ನಿಂತು ಅದನ್ನು ನೋಡಿದರು. ಒಬ್ಬ ನನ್ನ ಕೈ ಹಿಡಿದು, "ತೋರ್ಸಿ ಅಂಕಲ್, ಇದೇ ಬೆರಳಾ?" ಎಂದು ಕೇಳಿದ. ಬಿ.ಎ. ಪಾಸಾದವನಿಗೆ ಆ ಪ್ರಶ್ನೆ ಕೇಳುವ ಧೈರ್ಯ ಅದುವರೆಗೆ ಯಾರೂ ಮಾಡಿರಲಿಲ್ಲ.

ಯಜಮಾನರು ನನ್ನನ್ನು ಕರೆಸಿದಾಗ ನಾನು ಕೆಲಸ ಹೋಯಿತೆಂದೇ ಹೋದೆ.

"ಪತ್ರಿಕೆ ನಿಲ್ಲಿಸೂದು ಅಂತ ಮಾಡಿದ್ದೆ ರೀ. ಆದ್ರ ಅವರು ಒಂದು ಮಾತು ಹೇಳ್ಯಾರ. ನೀವು ಭಾನುವಾರಕ್ಕೊಮ್ಮೆ ಅಲ್ಲಿಗೆ ಹೋಗಿ ಹರಿದ ಪುಸ್ತಕ ಹೊಲಿದು ಕೊಟ್ರ, ಇನ್ನು ಮೂರು ಸಂಚಿಕೆ ತಗೋತಾರಂತ. ಮೂರರಾಗ ಹೊಸ ಖಳ ಎದ್ದ ಅಂದ್ರ ನಡಸೂಣು. ಇಲ್ಲಂದ್ರ ಇಲ್ಲ."

"ಹೊಲಿಗೆನಾ ಸಾರ್?"

"ಹೂಂ ರೀ. ದಬ್ಬಳ ಅವರೇ ಕೊಡ್ತಾರಂತ."

ಹೀಗೆ ಅವರು ನನ್ನ ಕೆಲಸ ಉಳಿಸಿದರು. ಉಪಕಾರ ಮಾಡುವುದರಲ್ಲಿ ಇಷ್ಟು ಅವಮಾನ ತುಂಬಬಹುದೆಂದು ನನಗೆ ಅದಕ್ಕೆ ಮೊದಲು ಗೊತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಆ ಗ್ಯಾರೇಜಿನಲ್ಲಿ, ನನ್ನದೇ ಹೆಬ್ಬೆಟ್ಟಿನ ಕೆಳಗೆ ಕೂತು, ದಬ್ಬಳ ಹಿಡಿದು ಹೊಲಿಯುತ್ತಿದ್ದೆ. ಅವರು ಹತ್ತಿರ ನಿಂತು ನೋಡುವರು. "ನಿಮ್ಮ ಹೊಲಿಗೆ ನಿಮ್ಮ ಕಥೆಗಿಂತ ಗಟ್ಟಿಯಾಗಿದೆ" ಎಂದು ಒಂದು ದಿನ ಹೇಳಿದರು. ಅವರ ಬಾಯಿಂದ ಬಂದ ಹೊಗಳಿಕೆ ಎಂದರೆ ಅದೊಂದೇ. ಅದನ್ನು ಇಲ್ಲಿ ದಾಖಲಿಸಿದ್ದೇನೆ.

ಎರಡನೇ ಭಾನುವಾರ ಹೊಲಿಗೆಗೆ ಬಂದ ರಾಶಿಯಲ್ಲಿ ರಕ್ತಾಕ್ಷನ ಸಂಚಿಕೆಯ ಎಂಟೂ ಪ್ರತಿಗಳು ಇದ್ದವು. ತಪ್ಪಿ ಬಂದವೋ, ಬೇಕೆಂದೇ ಹಾಕಿದರೋ ಗೊತ್ತಿಲ್ಲ. ಕೇಳಿದ್ದರೆ ತಪ್ಪಿ ಬಂದವು ಎನ್ನುತ್ತಿದ್ದರು. ಹದಿನೇಳನೇ ಪುಟ. ಎಡ ಅಂಚಿನಲ್ಲಿ ಧೂಳಿನ ಮೊಟ್ಟೆಗುರುತು, ಒಂದರ ಮೇಲೊಂದು ಬಿದ್ದು ಕಪ್ಪಗಾಗಿತ್ತು. ಎಂಟರಲ್ಲೂ.

ಆ ಪುಟದಲ್ಲಿ ರಕ್ತಾಕ್ಷ ಇರಲೇ ಇಲ್ಲ. ಅವನ ಒಬ್ಬ ಸೇವಕ, ಹೆಸರೂ ಇಲ್ಲದವನು, ಯಜಮಾನನಿಗಾಗಿ ಬೀದಿಯಲ್ಲಿ ಕಾಯುತ್ತಿರುತ್ತಾನೆ. ಆಡುವ ಮಕ್ಕಳ ರಬ್ಬರ್ ಚೆಂಡು ಅವನ ಕಾಲ ಬಳಿ ಉರುಳಿ ಬರುತ್ತದೆ. ಅದನ್ನು ಎತ್ತಿ ಜೇಬಿಗೆ ಹಾಕಿಕೊಳ್ಳುತ್ತಾನೆ. ಅಷ್ಟೇ. ಅದನ್ನು ನಾನು ಬರೆದಿರಲಿಲ್ಲ. ನಮ್ಮ ಚಿತ್ರಗಾರ, ಹೊಸಹಳ್ಳಿಯಲ್ಲಿ ಅಂಗಡಿ ಬೋರ್ಡು ಬರೆಯುತ್ತಿದ್ದವನು, ಮೂಲೆಯಲ್ಲಿ ಜಾಗ ಖಾಲಿ ಉಳಿಯಿತೆಂದು ತುಂಬಿಸಿದ್ದ.

"ಚೆಂಡು," ಎಂದೆ.

"ಓ," ಎಂದರು ಅವರು, ನನ್ನ ಕಡೆ ನೋಡದೆ. "ಒಂದೂವರೆ ತಿಂಗಳು ಹಿಡೀತಾ?"

"ನಿಮಗೆ ಮೊದಲೇ ಗೊತ್ತಿತ್ತಲ್ಲ. ಹೇಳಬಹುದಿತ್ತು."

"ನನಗೇನು ದರ್ದು? ನೋಡಿ ಸ್ವಾಮಿ, ಪ್ರಪಂಚ ಹೋದ್ರೆ ಎಲ್ಲರದ್ದೂ ಹೋಗತ್ತೆ, ಹುಡುಗನಿಗೆ ಚಿಂತೆ ಇಲ್ಲ. ಬಾಲ್ ಹೋದ್ರೆ ಅವನದ್ದು ಹೋಗತ್ತೆ. ಆಮೇಲೆ ಇನ್ನೊಂದು. ಮೊದಲನೇ ಸಲ ಖಳ ಗೆಲ್ಲಬೇಕು. ಗೆದ್ದು ತಗೊಂಡಿದ್ದನ್ನ ವಾಪಸ್ ಕೊಡಬಾರದು. ಕೊಡೋನು ಖಳನಲ್ಲ, ಬ್ಯಾಂಕು."

ಹೀಗೆ ಹುಟ್ಟಿದವರು ಮೂಲೆಮನೆಯವರು. ಬಹುವಚನವನ್ನು ಓದುಗರು ಗಮನಿಸಬೇಕು. ಅವರನ್ನು ಏಕವಚನದಲ್ಲಿ ಕರೆಯಲು ನಮ್ಮ ಪತ್ರಿಕೆಯಲ್ಲಿ ಯಾರಿಗೂ ಧೈರ್ಯವಿರಲಿಲ್ಲ, ಸಿಡಿಲರಾಯನಿಗೂ ಇರಲಿಲ್ಲ. ಬನಿಯನ್ನು, ಪಂಚೆ, ಸೊಂಟದಲ್ಲಿ ಬೀಗದ ಕೈಗೊಂಚಲು. ನಗುವುದಿಲ್ಲ, ಕೂಗುವುದಿಲ್ಲ. ಅವರ ಕಾಂಪೌಂಡಿನೊಳಗೆ ಬಿದ್ದದ್ದು ಅವರದು, ಇದೇ ಅವರ ಶಕ್ತಿ. ಆ ಕಾಂಪೌಂಡಿನ ಗೋಡೆ ಸಂಚಿಕೆಗೆ ಒಂದು ಅಡಿ ಬೀದಿಯ ಕಡೆಗೆ ಸರಿಯುತ್ತಿತ್ತು. ಈ ಗೋಡೆಯ ಯೋಚನೆ ನನ್ನದು. ಇದಕ್ಕೆ ಸಾಕ್ಷಿ ಇಲ್ಲವಾದ್ದರಿಂದ ಒತ್ತಿ ಹೇಳುತ್ತಿದ್ದೇನೆ.

ಮೂಲೆಮನೆಯವರೆಂದರೆ ಆ ಮಹಾನುಭಾವರೇ ಎಂದು ಯಾರಾದರೂ ಊಹಿಸಿದರೆ ತಪ್ಪು. ಅವರಿಗೆ ಕಾಂಪೌಂಡು ಇರಲಿಲ್ಲ, ಗ್ಯಾರೇಜು. ಅಂಥ ಮನೆ ರಾಜಾಜಿನಗರದಲ್ಲಿ, ವಿಜಯನಗರದಲ್ಲಿ, ಆಗತಾನೆ ಸೈಟು ಬಿದ್ದಿದ್ದ ಬಸವೇಶ್ವರನಗರದಲ್ಲಿ ಪ್ರತಿ ರಸ್ತೆಗೂ ಒಂದಿತ್ತು. ಯಾವ ಹುಡುಗನಿಗೂ ವಿವರಿಸಬೇಕಾಗಿರಲಿಲ್ಲ.

ಮೊದಲ ಸಂಚಿಕೆಯ ಕೊನೆಯ ಚಿತ್ರ ಹೀಗಿತ್ತು: ಬಸ್ಸು ಎತ್ತುವ ಸಿಡಿಲರಾಯ, ಹೆಗಲಿನ ವಸ್ತ್ರ ಗಾಳಿಗೆ ಹಾರುತ್ತಾ, ಗೇಟಿನ ಹೊರಗೆ ನಿಂತು, ಬೀದಿಯ ಮಕ್ಕಳ ಪರವಾಗಿ, "ಸಾರ್, ಬಾಲ್ ಕೊಡಿ ಸಾರ್" ಎನ್ನುತ್ತಾನೆ. ಗೋಡೆ ಒಡೆಯಬಹುದು, ಆದರೆ ಒಡೆದರೆ ತಾನು ಪುಂಡನಾಗುತ್ತೇನೆ ಎಂದು ಅವನಿಗೆ ಗೊತ್ತು. ಮೂಲೆಮನೆಯವರು ಕಿಟಕಿಯಿಂದ, "ಯಾವ ಬಾಲ್?" ಎನ್ನುತ್ತಾರೆ. ಮುಂದುವರಿಯುವುದು.

ಎರಡು ವಾರದ ನಂತರ ಮಾರೇನಹಳ್ಳಿಗೆ ಹೋದೆ. ಎಂಟು ಪ್ರತಿಗಳ ಆ ಪುಟದಲ್ಲಿ ಅಕ್ಷರ ಕಾಣಿಸುತ್ತಿರಲಿಲ್ಲ. ಒಂದರಲ್ಲಿ ಯಾರೋ ಮೂಲೆಮನೆಯವರ ಮುಖವನ್ನು ಪೆನ್ಸಿಲಿನಿಂದ ಚುಚ್ಚಿ ತೂತು ಮಾಡಿದ್ದರು. ಮಹಾನುಭಾವರು ಆ ತೂತನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಮುಂದಿನ ತಿಂಗಳು ಇಪ್ಪತ್ತು ಕಳಿಸಿ," ಎಂದರು.

ಎರಡನೇ ಸಂಚಿಕೆಯಲ್ಲಿ ಹಾರುತ್ತಿದ್ದ ಸಿಡಿಲರಾಯನ ಹೆಗಲಿನ ವಸ್ತ್ರವೇ ಜಾರಿ ಕಾಂಪೌಂಡಿನೊಳಗೆ ಬಿತ್ತು. ಮೂಲೆಮನೆಯವರು ಅದನ್ನು ಮಡಿಸಿ ಬೀರುವಿನಲ್ಲಿಟ್ಟರು. ನಮ್ಮ ನಾಯಕ ಬಸ್ಸಿನಲ್ಲಿ ಮನೆಗೆ ಹೋದ, ನಿಂತುಕೊಂಡು. ಪ್ರೆಸ್ಸಿಗೆ ಕಾರ್ಡುಗಳು ಬರತೊಡಗಿದವು. ಪತ್ರಿಕೆಗೆ ಮಕ್ಕಳು ಕಾಗದ ಬರೆದದ್ದು ಅದೇ ಮೊದಲು. ಎಲ್ಲದರಲ್ಲೂ ಒಂದೇ ಬೇಡಿಕೆ: ದಯವಿಟ್ಟು ಬಾಲ್ ಕೊಡಿಸಿ. ಮಾಗಡಿ ರಸ್ತೆಯ ಒಂದು ಹುಡುಗಿ, 'ನೀವು ಕೊಡಿಸದಿದ್ದರೆ ನಮ್ಮ ತಂದೆಗೆ ಹೇಳುತ್ತೇನೆ' ಎಂದು ಬರೆದಿದ್ದಳು. ಯಜಮಾನರು ಆ ಕಾರ್ಡನ್ನು ಮೂರು ಸಲ ಓದಿಸಿಕೊಂಡರು. "ಎದ್ದಾನ್ರೀ ನಿಮ್ಮ ಖಳ" ಎಂದರು. ಅಂದು ಪ್ರೆಸ್ಸಿನಲ್ಲಿ ಎಲ್ಲರಿಗೂ ಖಾರ ಮಂಡಕ್ಕಿ, ಮೆಣಸಿನಕಾಯಿ ಬೋಂಡ ಬಂತು.

ನಾನು ಆ ಕಾರ್ಡುಗಳ ಕಟ್ಟು ಹಿಡಿದುಕೊಂಡು ಮಾರೇನಹಳ್ಳಿಗೆ ಹೋದೆ. ತೋರಿಸಬೇಕೆಂಬ ಆಸೆ. ಇನ್ನೊಂದು ಆಸೆಯೂ ಇತ್ತು. ನನ್ನ ಹೆಬ್ಬೆಟ್ಟು ಇನ್ನೂ ಮುಂದಿನ ಹಗ್ಗದಲ್ಲಿ ತೂಗುತ್ತಿತ್ತು.

"ಸಾರ್, ಈಗಲಾದ್ರೂ ಅದನ್ನ ಇಳಿಸಬಹುದಲ್ಲ."

"ಯಾಕೆ? ಹುಡುಗ್ರು ನೋಡೋಕೆ ಬರ್ತಾರೆ. ಇರ್ಲಿ."

"ನನ್ನ ಖಳ ಗೆದ್ದಿದಾನೆ. ನೋಡಿ, ಎಷ್ಟು ಕಾರ್ಡು."

ಅವರು ಕಾರ್ಡುಗಳನ್ನು ಓದಲಿಲ್ಲ. ಅಂಚುಗಳನ್ನು ನೋಡಿದರು. "ಏನ್ ಕೇಳ್ತಾರೆ?"

"ಬಾಲ್ ಕೊಡಿಸಿ ಅಂತ. ಮುಂದಿನ ಸಂಚಿಕೇಲಿ ಕೊಡಿಸ್ತೀನಿ."

ಅವರು ಮಫ್ಲರನ್ನು ಒಂದು ಸುತ್ತು ಬಿಗಿ ಮಾಡಿಕೊಂಡರು. "ಕೊಟ್ರೆ ಕೆಟ್ರಿ."

"ಮಕ್ಕಳು ಅಳೋ ಹಾಗೆ ಬರೆದಿದಾರೆ ಸಾರ್."

"ಅಳೋತನಕ ಬರ್ತಾರೆ. ಕೊಡಬೇಡಿ. ಕೊಡೋ ಹಾಗೆ ಮಾಡಿ, ಗೇಟಿನ ತನಕ ತನ್ನಿ, ಕೊಡಬೇಡಿ. ಇನ್ನು ಎರಡು ವರ್ಷ ಓಡತ್ತೆ ಇದು."

"ನಿಮಗೆ ಮಕ್ಕಳ ಮೇಲೆ ಒಂಚೂರೂ ಕರುಣೆ ಇಲ್ವಾ?"

"ನಿಮಗೆ ಇದೆಯಾ? ಇಲ್ಲ ಈ ಚೀಟಿ ಮೇಲಿನ ಸಿಟ್ಟಾ?"

"ನನ್ನ ಕಥೆ ಸಾರ್ ಇದು. ನಾನು ಏನ್ ಬೇಕಾದ್ರೂ ಮಾಡ್ತೀನಿ."

"ಕಥೆ ನಿಮ್ದು, ಯಾರು ಇಲ್ಲ ಅಂದ್ರು. ಕೊಳೆ ನಂದು," ಎಂದು ಹೇಳಿ ಒಬ್ಬ ಹುಡುಗನ ಕೈ ತಿರುಗಿಸಿ ನೋಡಿ, ಒಳಗೆ ಬಿಟ್ಟರು.

ಬಸ್ಸಿನಲ್ಲಿ ವಾಪಸು ಬರುವಾಗ ನಾನು ನಿರ್ಧರಿಸಿದೆ. ಮಕ್ಕಳಿಗಾಗಿ ಎಂದು ಆಗ ಪೂರ್ತಿ ನಂಬಿದ್ದೆ. ಈಗ, ಅವರು ಸತ್ತ ಮೇಲೆ, ಲೆಕ್ಕ ಹಾಕಿದರೆ ಮಕ್ಕಳ ಪಾಲು ಅದರಲ್ಲಿ ಅರ್ಧ ಇರಬಹುದು. ಉಳಿದರ್ಧ ಆ ಚೀಟಿಯದ್ದೇ. ಆ ಮನುಷ್ಯ ಹೇಳಿದ ಒಂದು ಮಾತಾದರೂ ಸುಳ್ಳಾಗಬೇಕು, ಅದನ್ನು ಸುಳ್ಳು ಮಾಡಿದವನು ನಾನಾಗಬೇಕು, ಇಷ್ಟೇ ನನಗೆ ಬೇಕಾಗಿದ್ದದ್ದು.

ಮೂರನೇ ಸಂಚಿಕೆ ನನ್ನ ಬಾಳಿನ ಶ್ರೇಷ್ಠ ಕೃತಿ. ಸಿಡಿಲರಾಯ ಗೇಟಿನ ಮುಂದೆ ಮೂರು ದಿನ ಬಿಸಿಲಿನಲ್ಲಿ ನಿಂತ. ನಾಲ್ಕನೇ ದಿನ ಮೂಲೆಮನೆಯವರ ಕಣ್ಣಿನಲ್ಲಿ ನೀರು. ತಾವೂ ಚಿಕ್ಕವರಿದ್ದಾಗ ಒಂದು ಚೆಂಡು ಕಳೆದುಕೊಂಡದ್ದು ಅವರಿಗೆ ನೆನಪಾಯಿತು. ಬೀರು ತೆರೆದರು. ವಸ್ತ್ರ ಕೊಟ್ಟರು, ಚೆಂಡು ಕೊಟ್ಟರು, ಹಿಂದೆ ತೆಗೆದಿಟ್ಟಿದ್ದ ನೂರಾರು ಚೆಂಡುಗಳು ಬೀದಿಗೆ ಉರುಳಿದವು. ಗೋಡೆ ತಾನಾಗಿ ಹಿಂದೆ ಸರಿಯಿತು. ಕೊನೆಯ ಚಿತ್ರದಲ್ಲಿ ಮೂಲೆಮನೆಯವರು ಪಂಚೆ ಎತ್ತಿಕಟ್ಟಿ ಮಕ್ಕಳ ಜೊತೆ ಲಗೋರಿ ಆಡುತ್ತಿದ್ದರು. ಪ್ರೂಫ್ ನೋಡುವಾಗ ನನ್ನ ಕಣ್ಣೂ ಒದ್ದೆಯಾಯಿತು. ಚಿತ್ರಗಾರ, "ಬೊಂಬಾಟ್ ಗುರೂ" ಎಂದ. ಯಜಮಾನರು ಕೈ ಮುಗಿದರು.

ಎರಡು ವಾರ ಕಾದು ಮಾರೇನಹಳ್ಳಿಗೆ ಹೋದೆ. ಭಾನುವಾರ ಬೆಳಿಗ್ಗೆ ಹತ್ತು ಗಂಟೆ. ಬೆಂಚು ಖಾಲಿ ಇತ್ತು. ಅವರು ಒಬ್ಬರೇ ಕೂತಿದ್ದರು. ಇಪ್ಪತ್ತು ಪ್ರತಿಗಳನ್ನು ಮೇಜಿನ ಮೇಲೆ ಹರಡಿದರು. ನಾನೇ ಒಂದೊಂದಾಗಿ ಎತ್ತಿ ಸರ್ರನೆ ಬಿಟ್ಟು ನೋಡಿದೆ. ಅಷ್ಟರಲ್ಲಿ ಆ ವಿದ್ಯೆ ನನಗೂ ಬಂದಿತ್ತು. ಎಲ್ಲಾ ಪುಟಗಳ ತುದಿಯಲ್ಲೂ ತೆಳುವಾಗಿ ಎಣ್ಣೆ. ಒಂದು ಸಲ ತಿರುವಿದ್ದಾರೆ, ಮುಗಿಸಿದ್ದಾರೆ, ಇಟ್ಟಿದ್ದಾರೆ. ಲಗೋರಿಯ ಚಿತ್ರದ ಎಡ ಅಂಚು ಅಚ್ಚಿನಿಂದ ಬಂದ ದಿನದಷ್ಟೇ ಬೆಳ್ಳಗಿತ್ತು. ಒಂದು ಬೆರಳೂ ಅಲ್ಲಿ ನಿಂತಿರಲಿಲ್ಲ.

"ಎಲ್ಲಿ ಸಾರ್ ಹುಡುಗರು?"

"ಬಾಲ್ ಸಿಕ್ತಲ್ಲ," ಎಂದರು. "ಎಲ್ಲಾ ಆಡೋಕೆ ಹೋಗಿದಾರೆ."

ಹಿಗ್ಗಲಿಲ್ಲ, ಗೆದ್ದೆ ಎನ್ನಲಿಲ್ಲ. ಆ ಒಂದು ಸಲವಾದರೂ ಅವರು ಹಿಗ್ಗಿದ್ದರೆ ಅವರನ್ನು ದ್ವೇಷಿಸುವುದು ನನಗೆ ಸುಲಭವಾಗುತ್ತಿತ್ತು. ಮೇಜಿನ ಮೇಲಿದ್ದ ಪ್ರತಿಗಳನ್ನು ಜೋಡಿಸಿ, ಟ್ವೈನು ದಾರ ಕಟ್ಟಿ, ನನ್ನ ಕಡೆಗೆ ತಳ್ಳಿದರು. "ಇನ್ನು ಕಳಿಸಬೇಡಿ" ಎಂದರು.

ಆ ವಾರವೇ ಹೊಸಹಳ್ಳಿಯವರು, ಕೆಂಗೇರಿಯವರು ಬೇಡವೆಂದು ಹೇಳಿ ಕಳಿಸಿದರು. ಯಜಮಾನರು ಮುಂದಿನ ಸಂಚಿಕೆ ಹೊರಡಿಸಲಿಲ್ಲ. ನಾನು ವಿಜಯನಗರದ ಒಂದು ಹೈಸ್ಕೂಲಿನಲ್ಲಿ ಗುಮಾಸ್ತನಾಗಿ ಸೇರಿದೆ, ಅಲ್ಲೇ ನಿವೃತ್ತನಾದೆ.